ತಳ ಕಾಣುವ ನೀರು

ಸಮುದ್ರದ ತಳ ನೋಡಬೇಕು ಎಂದು ನಮ್ಮ ಯಜಮಾನರು ಹೇಳಿದ್ದು ಒಂದು ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ಸಮಯ ನೆನಪಿರಲು ಕಾರಣವಿದೆ. ನಮ್ಮ ಮನೆಯಲ್ಲಿ ಎರಡನೆಯ ಕಾಫಿ ಏಳೂ ಹತ್ತಕ್ಕೆ. ಏಳೂ ಕಾಲಿಗೆ ಲೋಟ ತೊಳೆದಿಟ್ಟು, ಏಳೂವರೆಗೆ ನಾನು ಜಯನಗರದ ಶಾಲೆಗೆ ಹೊರಡಬೇಕು. ಮೊದಲ ಪಿರಿಯಡ್ ಲೆಕ್ಕ, ಅದು ನನ್ನದು. ಆ ಐದು ನಿಮಿಷಗಳಲ್ಲಿ ದೊಡ್ಡ ವಿಷಯ ಎತ್ತಬಾರದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಅವರು ಎತ್ತಿದರು.

“ಈ ಸಲ ದಸರಾ ರಜಕ್ಕೆ ಸಮುದ್ರಕ್ಕೆ ಹೋಗೋಣ್ವಾ?”

“ಮಲ್ಪೆಗಾ?”

“ಅಲ್ಲಿ ನೀರು ಕಲಕು ಕಣೆ. ತಳ ಕಾಣೋ ಕಡೆ. ನೀರೊಳಕ್ಕೆ ಇಳಿಸ್ತಾರಂತೆ, ಕಣ್ಣಿಗೆ ಕನ್ನಡಕ ಹಾಕಿ.”

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅವರಿಗೆ ನಲವತ್ತಾರು ವರ್ಷ. ಬನಶಂಕರಿಯ ಕಡೆ ಪಂಪ್‌ಸೆಟ್ ರಿಪೇರಿ ಅಂಗಡಿ. ಹದಿನೈದು ವರ್ಷದ ಸಂಸಾರದಲ್ಲಿ ನನ್ನನ್ನು ಇಂಥದ್ದು ಬೇಕು ಎಂದು ಕೇಳಿದವರಲ್ಲ. ಉಪ್ಪು ಕಡಿಮೆಯಿದ್ದರೂ ಹಾಗೇ ಉಣ್ಣುವವರು. ಆದ್ದರಿಂದ ನಾನು ಲೋಟ ತೊಳೆಯುವುದನ್ನು ಎರಡು ನಿಮಿಷ ಮುಂದಕ್ಕೆ ಹಾಕಿದೆ.

ತಳದ ವಿಷಯ ಸ್ವಲ್ಪ ವಿವರಿಸಬೇಕು. ಇವರ ಹಳ್ಳಿ ಎಲ್ಲೋ ದೂರದಲ್ಲಿಲ್ಲ, ಈಗಿನ ಜೆ.ಪಿ. ನಗರದ ಒಳಗೇ ಇದೆ. ನಾನು ಮದುವೆಯಾಗಿ ಬಂದಾಗ ಜಯನಗರದ ಕೊನೆಯ ಬಸ್ ಸ್ಟಾಪಿನಲ್ಲಿ ಇಳಿದು ರಾಗಿ ಹೊಲದ ಬದುವಿನ ಮೇಲೆ ಇಪ್ಪತ್ತು ನಿಮಿಷ ನಡೆಯಬೇಕಿತ್ತು. ಊರ ನಡುವೆ ಒಂದು ಸೇದುವ ಬಾವಿ, ಹೊಲದಲ್ಲಿ ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ. ಸೇದುವ ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ತರುತ್ತಿದ್ದರು. ಅದು ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗಕ್ಕೆ ಕಟ್ಟಿ ಇಳಿಸಿ ತಡಕುವುದು. ಅದಕ್ಕೂ ಸಿಗದ ಕೊಡವಿದ್ದರೆ ಇವರನ್ನು ಕರೆಯುತ್ತಿದ್ದರು. ಹನ್ನೆರಡನೆಯ ವಯಸ್ಸಿನಿಂದಲೂ ಇದೇ ಕೆಲಸ. ಉಸಿರು ಕಟ್ಟಿ ಇಳಿಯುವುದು, ಕೆಸರಿನಲ್ಲಿ ಕೈಯಾಡಿಸುವುದು, ಕೊಡದ ಕಂಠ ಸಿಕ್ಕಿದರೆ ಹಿಡಿದು ಮೇಲೆ ಬರುವುದು. ಊರಿನ ಹೆಂಗಸರಿಗೆ ಇವರೆಂದರೆ ಬಹಳ ಅಕ್ಕರೆ. ನನ್ನ ಮದುವೆಯ ಮರುವಾರವೇ ಒಬ್ಬಾಕೆ ಒದ್ದೆ ಕೊಡ ಸೊಂಟದ ಮೇಲಿಟ್ಟುಕೊಂಡು ಬಂದು, “ನಿನ್ ಗಂಡ ಇಲ್ದಿದ್ರೆ ನಮ್ಮನೇಲಿ ಒಂದು ಕೊಡಾನೂ ಉಳೀತಿರ್ಲಿಲ್ಲ ಕಣವ್ವ” ಎಂದು ಹೇಳಿ ಹೋದಳು.

ಆಮೇಲೆ ಲೇಔಟ್ ಬಂತು. ಹೊಲಗಳು ಸೈಟುಗಳಾದವು. ಎರಡು ಬಾವಿಗೂ ಲಾರಿಗಟ್ಟಲೆ ಮಣ್ಣು ಸುರಿದು ಮುಚ್ಚಿದರು. ಮನೆಮನೆಗೆ ಬೋರ್‌ವೆಲ್ ಬಂತು. ಬೋರ್‌ವೆಲ್ ಬಂದದ್ದರಿಂದ ಇವರ ಅಂಗಡಿಯೂ ಬಂತು. ಅದರಲ್ಲಿ ಯಾರದೂ ತಪ್ಪಿಲ್ಲ, ನಾವೂ ಹೊಸ ಮನೆ ಕಟ್ಟಿಕೊಂಡು ಚೆನ್ನಾಗಿಯೇ ಇದ್ದೆವು.

ಅಂಗಡಿಯ ಗೋಡೆಗೆ ಆ ವರ್ಷ ಯಾರೋ ಒಂದು ಕ್ಯಾಲೆಂಡರ್ ಕೊಟ್ಟಿದ್ದರು. ಅದರಲ್ಲಿ ನೀಲಿ ನೀರೊಳಗೆ ಒಬ್ಬ ಮನುಷ್ಯ, ಸುತ್ತ ಬಣ್ಣಬಣ್ಣದ ಮೀನು, ಹವಳ. ಅಂಗಡಿಗೆ ಬಂದವರೆಲ್ಲ ಮೀನು ನೋಡುತ್ತಿದ್ದರು. ಇವರು ನೋಡಿದ್ದು ಆ ಮನುಷ್ಯನ ಕಾಲ ಕೆಳಗಿನ ಮರಳನ್ನು.

“ಎಷ್ಟು ಕೊಡ ಎತ್ತಿದೀನಿ,” ಎಂದರು ಅವತ್ತು ಕಾಫಿ ಕುಡಿಯುತ್ತ. “ಒಂದ್ಸಲಾನೂ ತಳ ಕಣ್ಣಲ್ಲಿ ನೋಡಿಲ್ಲ. ಎಲ್ಲ ಕೈಯಲ್ಲೇ. ಒಂದ್ಸಲ ನೋಡ್ಬೇಕು.”

ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಇದ್ದ ಬಾವಿ ಮುಚ್ಚಾಕಿ ಸೈಟ್ ಮಾಡ್ಕೊಂಡ್ರಿ. ಈಗ ಸಮುದ್ರ ಹುಡುಕ್ಕೊಂಡು ಹೊರಟ್ರಿ. ಹೋಗಪ್ಪ, ಹೋಗು. ಅಲ್ಲಿ ಯಾರ ಕೊಡ ಬಿದ್ದೈತೋ.”

ಸರಿ, ಹೋಗುವುದೆಂದು ತೀರ್ಮಾನವಾಯಿತು. ಎಲ್ಲಿಗೆ ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ ಎಂದೆ.

ನಾನು ಬೆಳೆದದ್ದು ಗಂಟೆ ಹೊಡೆಯುವ ಹಾಸ್ಟೆಲಿನಲ್ಲಿ. ಏಳುವುದಕ್ಕೆ ಒಂದು ಗಂಟೆ, ಸ್ನಾನಕ್ಕೆ ಒಂದು, ಓದಿಗೆ ಒಂದು, ದೀಪ ಆರಿಸಲು ಒಂದು. ಅನೇಕರಿಗೆ ಅಂಥ ಬಾಲ್ಯ ಕಹಿಯಾಗುತ್ತದೆ. ನನಗೆ ಹಿಡಿಸಿತು. ಯಾವ ಕೆಲಸವನ್ನೇ ಆಗಲಿ ಗೆರೆ ಎಳೆದು, ಸಂಖ್ಯೆ ಹಾಕಿ, ಒಂದೊಂದಾಗಿ ಮುಗಿಸುವುದರಲ್ಲಿ ಒಂದು ಸುಖವಿದೆ. ಆ ಸುಖ ಗೊತ್ತಿಲ್ಲದವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ಶನಿವಾರ ಮಧ್ಯಾಹ್ನ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರ ಮಹಡಿ ಮೇಲಿದ್ದ ಒಂದು ಟ್ರಾವೆಲ್ ಆಫೀಸಿಗೆ ಹೋದೆ. ಅಲ್ಲಿದ್ದಾತ ನನ್ನ ಮಾತು ಕೇಳಿ ಪೆನ್ನು ಕೆಳಗಿಟ್ಟ.

“ಮೇಡಂ, ಊಟಿ ಅನ್ನಿ, ಕೊಡೈಕನಾಲ್ ಅನ್ನಿ, ಈಗ್ಲೇ ಬರ್ಕೊಡ್ತೀನಿ. ನೀರೊಳಗೆ ಅಂದ್ರೆ... ಯಾರು ಇಳಿಯೋದು?”

“ನಮ್ಮ ಯಜಮಾನರು.”

“ನೇವಿಲಿದಾರಾ?”

“ಪಂಪ್ ರಿಪೇರಿ ಮಾಡ್ತಾರೆ.”

ಅವನು ಪೆನ್ನು ಮತ್ತೆ ಎತ್ತಿಕೊಂಡ. ದಪ್ಪ ಪುಸ್ತಕವೊಂದನ್ನು ತಿರುವಿ ಮೂರು ವಿಳಾಸ ಕೊಟ್ಟ. ಒಂದು ಅಂಡಮಾನಿನದು. ಎರಡು ಲಕ್ಷದ್ವೀಪದ ಬೇರೆ ಬೇರೆ ದ್ವೀಪಗಳವು. ನಾನು ಫೈಲಿನಲ್ಲಿ ಅವಕ್ಕೆ ಅ, ಆ, ಇ ಎಂದು ಹೆಸರಿಟ್ಟೆ. ಈಗಲೂ ನನಗೆ ಅವು ಹಾಗೆಯೇ ನೆನಪಿವೆ.

ಆ ರಾತ್ರಿ ಊಟದ ಮೊದಲೇ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ಸಿದ್ಧವಾಯಿತು. ಸ್ನಾನಕ್ಕೆ ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಬೆಳಗಿನ ಕಾಫಿ ಎಷ್ಟು ಗಂಟೆಗೆ, ಡಿಕಾಕ್ಷನ್‌ದೋ ಪುಡಿ ಕಲಸಿದ್ದೋ? ಸೊಳ್ಳೆ ಪರದೆ ಇದೆಯೇ? ಕಕ್ಕಸು ಕೂರುವಂಥದ್ದೋ ಕುಕ್ಕರಗಾಲಿನದೋ? ದ್ವೀಪದಲ್ಲಿ ಡಾಕ್ಟರಿದ್ದಾರೆಯೇ? ಪತ್ರಿಕೆ ಎಷ್ಟು ದಿನ ತಡವಾಗಿ ಬರುತ್ತದೆ? ಹೀಗೆ. ಶಾಲೆಯ ಟೈಪಿಸ್ಟ್ ಅದನ್ನು ಇಂಗ್ಲಿಷಿನಲ್ಲಿ ಎರಡು ಕಾರ್ಬನ್ ಇಟ್ಟು ಹೊಡೆದುಕೊಟ್ಟರು. ಪ್ರಶ್ನೆಯ ಸಂಖ್ಯೆ ಹಾಕಿ ಉತ್ತರಿಸಬೇಕಾಗಿ ವಿನಂತಿ ಎಂದು ಕೆಳಗೆ ಸೇರಿಸಿ, ಸ್ಟಾಂಪ್ ಹಚ್ಚಿದ ಮರುಟಪಾಲಿನ ಲಕೋಟೆ ಇಟ್ಟು, ಮೂರನ್ನೂ ಸೋಮವಾರ ಪೋಸ್ಟ್ ಮಾಡಿದೆ.

‘ಅ’ದಿಂದ ಉತ್ತರ ಹದಿನಾರನೆಯ ದಿನಕ್ಕೆ ಬಂತು. ಗಟ್ಟಿ ಕಾಗದದ ಮೇಲೆ ಟೈಪ್ ಮಾಡಿದ ಇಪ್ಪತ್ತೆರಡು ಉತ್ತರ, ಒಂದೂ ಬಿಟ್ಟಿರಲಿಲ್ಲ. ಬಿಸಿನೀರು ಆರರಿಂದ ಎಂಟು. ತಿಂಡಿ ಏಳೂವರೆ. ಕೂತು ಓದಿದೆ, ನಿಂತು ಓದಿದೆ. ಅಷ್ಟು ದೂರದ ದ್ವೀಪದಲ್ಲಿ ನನ್ನಂಥವರೊಬ್ಬರು ಇದ್ದಾರಲ್ಲ ಎಂದು ಮನಸ್ಸು ತುಂಬಿ ಬಂತು.

‘ಆ’ದಿಂದ ಪತ್ರ ಬರಲಿಲ್ಲ, ಒಂದು ಮಡಿಕೆ ಕಾಗದ ಬಂತು. ಅದರ ಮುಖಪುಟದಲ್ಲಿ ಈಜುಡುಗೆ ತೊಟ್ಟ ಒಬ್ಬಳು ಹುಡುಗಿ ಮರಳಿನ ಮೇಲೆ ಮಲಗಿದ್ದಳು. ಅತ್ತೆ ಅದನ್ನು ನೋಡಿ, “ಪಾಪ, ಚಳಿ ಆಗಲ್ವಾ ಮಗೀಗೆ” ಎಂದು ಬೋರಲು ಹಾಕಿಟ್ಟರು. ಒಳಗೆ ನನ್ನ ಪ್ರಶ್ನೆಗಳಲ್ಲಿ ಏಳಕ್ಕೆ ಉತ್ತರವಿತ್ತು.

‘ಇ’ದಿಂದ ಏನೂ ಬರಲಿಲ್ಲ. ನನ್ನ ಸ್ಟಾಂಪೂ ಹೋಯಿತು.

ಡ್ರಾಯಿಂಗ್ ಶೀಟಿನ ಮೇಲೆ ಪಟ್ಟಿ ಹಾಕಿದೆ. ಒಟ್ಟು ನೂರು ಅಂಕ. ಊಟ ತಿಂಡಿಗೆ ಇಪ್ಪತ್ತೈದು, ಸ್ವಚ್ಛತೆಗೆ ಇಪ್ಪತ್ತು, ಸಮಯಪಾಲನೆಗೆ ಹದಿನೈದು, ಹೀಗೆ ಇಳಿಯುತ್ತ ಬಂದು, ಬಿಸಿನೀರಿಗೆ ಹತ್ತು, ನೀರೊಳಗಿನ ವ್ಯವಸ್ಥೆಗೆ ಐದು. ‘ಅ’ಕ್ಕೆ ಎಂಬತ್ತಾರು ಬಂತು. ‘ಆ’ಕ್ಕೆ ನಲವತ್ತೊಂದು. ಉತ್ತರ ಬರೆಯದವರಿಗೆ ಶಾಲೆಯಲ್ಲಿ ಏನು ಕೊಡುತ್ತೇವೋ ‘ಇ’ಕ್ಕೂ ಅದನ್ನೇ ಕೊಟ್ಟೆ. ಸೊನ್ನೆ.

ಭಾನುವಾರ ಪಟ್ಟಿಯನ್ನು ಹಜಾರದಲ್ಲಿ ಹರಡಿ ಇಬ್ಬರಿಗೂ ಓದಿ ಹೇಳಿದೆ. ಅತ್ತೆಗೆ ಓದು ಬಾರದು. ಲೆಕ್ಕ ಮಾತ್ರ ಯಾರಿಗೂ ಬಿಟ್ಟುಕೊಡುವವರಲ್ಲ.

“ಇನ್ನೊಂದ್ಸಲ ಹೇಳು ಟೀಚರಮ್ಮ. ಬಿಸಿನೀರಿಗೆ ಹತ್ತು, ಸಮುದ್ರದ ನೀರಿಗೆ ಐದೇನಾ?”

“ಸಮುದ್ರ ಎಲ್ಲ ಕಡೆ ಇದ್ದೇ ಇರುತ್ತಲ್ಲ ಅತ್ತೆ. ದ್ವೀಪ ಅಂದ್ಮೇಲೆ.”

“ಅದೂ ಸರಿ ಅನ್ನು,” ಎಂದು ಅವರು ಮಗನ ಮುಖ ನೋಡಿದರು.

ನಮ್ಮ ಯಜಮಾನರು ಪಟ್ಟಿಯ ಮೇಲೆ ಬಗ್ಗಿ, ಮೂರನೆಯ ಕಂಬಸಾಲಿನ ಸೊನ್ನೆಯನ್ನು ಸ್ವಲ್ಪ ಹೊತ್ತು ನೋಡಿದರು. “ಚೆನ್ನಾಗ್ ಮಾಡಿದೀಯ,” ಎಂದರು. “ಅದೇ ಆಗ್ಲಿ. ಎಂಬತ್ತಾರು.”

ನನಗೆ ಆಗ ಏನೂ ಅನ್ನಿಸಲಿಲ್ಲ. ಅವರು ಒಪ್ಪಿದರು, ನಾನು ಪಟ್ಟಿ ಸುತ್ತಿಟ್ಟೆ, ಅಷ್ಟೆ.

‘ಅ’ದವರು ಒಂದು ಅರ್ಜಿ ಕಳಿಸಿದ್ದರು. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ದೋಣಿಯಿಂದ ಇಳಿಸುತ್ತಾರೆ. ಇಳಿಯುವವರು ಕಿವಿ, ಮೂಗು, ಎದೆ ಸರಿಯಿದೆಯೆಂದು ಡಾಕ್ಟರಿಂದ ಬರೆಸಿ ತರಬೇಕು. ಹೆಸರು, ವಯಸ್ಸು, ಎತ್ತರ ಎಲ್ಲ ತುಂಬಿ, ಬುಧವಾರ ಸಂಜೆ ಐದಕ್ಕೆ ಇವರನ್ನು ನಾಲ್ಕನೇ ಬ್ಲಾಕಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಐದು ನಿಮಿಷದ ಕೆಲಸ, ಐದೂಕಾಲಿಗೆ ತರಕಾರಿ ಎಂದು ಎಣಿಸಿದ್ದೆ.

ಡಾಕ್ಟರು ವಯಸ್ಸಾದವರು, ಹಾಸ್ಯದ ಸ್ವಭಾವ. ಎಡಗಿವಿಯೊಳಗೆ ದೀಪ ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು.

“ಚಿಕ್ಕೋರಿದ್ದಾಗ ಈ ಕಿವಿ ಸೋರ್ತಿತ್ತಾ?”

“ಸೋರ್ತಿತ್ತು ಸಾರ್. ಬೆಳ್ಳುಳ್ಳಿ ಎಣ್ಣೆ ಬಿಡೋರು ನಮ್ಮವ್ವ.”

“ಬಾವಿಗೆ ಹಾರ್ತಿದ್ರಾ?”

“ಹಾರ್ತಿದ್ದೆ ಸಾರ್.”

“ಹಾರೋದು, ಕಿವಿ ತೂತು ಮಾಡ್ಕೊಳ್ಳೋದು, ಎಣ್ಣೆ ಬಿಡೋದು. ನಿಮ್ಮಂಥೋರಿಂದಾನೇ ನನ್ನ ಮನೆ ನಡೀತಿರೋದು.” ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ, ನಗು ಬಿಟ್ಟು ಹೇಳಿದರು: “ತೂತು ಮುಚ್ಚಿದೆ. ಆದ್ರೆ ಪರದೆ ತುಂಬ ತೆಳು. ಸಿಲಿಂಡರ್ ಕಟ್ಕೊಂಡು ಆಳಕ್ಕೆ ಹೋದ್ರೆ ಒತ್ತಡ ತಡಿಯಲ್ಲ. ನಾನು ಸಹಿ ಮಾಡಲ್ಲ. ಮೇಲೇನೇ ಈಜ್ಕೊಂಡಿರಿ, ಯಾರು ಬೇಡ ಅಂದ್ರು?”

ಹೊರಗೆ ಬಂದೆವು. ಐದೂಕಾಲು ಆಗಿತ್ತು. ತರಕಾರಿ ತೆಗೆದುಕೊಂಡೆವು, ಹುರುಳಿಕಾಯಿ, ಎರಡು ಕಟ್ಟು ಸೊಪ್ಪು. ಬಸ್ಸಿನಲ್ಲಿ ಅವರು ಚೀಲ ತೊಡೆಯ ಮೇಲಿಟ್ಟುಕೊಂಡು, “ಬಿಡು. ಹೆಂಗೂ ಈ ವರ್ಷ ಅಂಗಡಿಲಿ ಕೆಲಸ ಜಾಸ್ತಿ” ಎಂದರು. ಆ ತಿಂಗಳು ಅಂಗಡಿಯಲ್ಲಿ ಎಷ್ಟು ಕೆಲಸವಿತ್ತೆಂದು ನನಗೆ ಗೊತ್ತಿತ್ತು. ಅವರು ಕ್ಯಾಲೆಂಡರ್ ನೋಡುತ್ತ ಕೂರುವಷ್ಟು ಬಿಡುವಿತ್ತು.

ಮನೆಗೆ ಬಂದ ಮೇಲೆ ಅತ್ತೆಗೆ ವಿಷಯ ಹೇಳಬೇಕಾಯಿತು. ಅವರು ಮಗನ ಎಡಗಿವಿಯನ್ನು ಒಮ್ಮೆ ಮುಟ್ಟಿ ನೋಡಿ, “ಎಣ್ಣೆ ನಾನು ಬೆಚ್ಚಗೇ ಬಿಡ್ತಿದ್ದೆ ಕಣಪ್ಪ” ಎಂದು ಮಾತ್ರ ಹೇಳಿದರು. ಆ ಸಂಜೆ ಅವರ ಬಾಯಿಂದ ಯಾವ ಕೊಂಕೂ ಬರಲಿಲ್ಲ. ನಮ್ಮ ಮನೆಯಲ್ಲಿ ಅದು ಅಪರೂಪ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ನೇರ ಅಂಗಡಿಗೆ ಹೋದೆ. ಸಾಮಾನ್ಯವಾಗಿ ನಾನು ಅಲ್ಲಿಗೆ ಹೋಗುವುದು ಆಯುಧ ಪೂಜೆಗೆ, ವರ್ಷಕ್ಕೊಮ್ಮೆ. ನನ್ನನ್ನು ಕಂಡು ಅವರು ಗಾಬರಿಯಾಗಿ, ಗ್ರೀಸ್ ಕೈ ಒರೆಸುತ್ತ ಎದ್ದರು. “ಅವ್ವ ಚೆನ್ನಾಗಿದಾರಾ?”

“ಚೆನ್ನಾಗಿದಾರೆ. ‘ಆ’ ಒಂದಿದೆಯಲ್ಲ ಇನ್ನೂ, ಅದಕ್ಕೆ ಬರೆದು ಕೇಳ್ತೀನಿ. ಮೇಲೇನೇ ಈಜೋ ಹಾಗಿದ್ರೆ...” ಎನ್ನುತ್ತ ಫೈಲ್ ಇಡಲು ಮೇಜಿನ ಮೇಲಿದ್ದ ನಟ್ಟು ಬೋಲ್ಟು ಸರಿಸಿದೆ. ಮೇಜಿನ ಗಾಜಿನ ಕೆಳಗೆ ಒಂದು ಪೋಸ್ಟ್ ಕಾರ್ಡ್ ಇತ್ತು. ನೀಲಿ ಶಾಯಿ, ಗುಂಡಗಿನ ಕನ್ನಡ ಅಕ್ಷರ. ಕೆಳಗೆ ‘ಇ’ ದ್ವೀಪದ ವಿಳಾಸ.

ಗಾಜು ಎತ್ತಿ ತೆಗೆದು ಓದಿದೆ. ಅದರಲ್ಲಿದ್ದುದು ಹೆಚ್ಚು ಕಡಿಮೆ ಹೀಗೆ: ತಳ ಕಾಣುತ್ತದೆಯೇ ಎಂದು ತಾವು ಕೇಳಿದ್ದೀರಿ. ಕಾಣುತ್ತದೆ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಎದೆಮಟ್ಟದ ನೀರಿನಲ್ಲಿ ನಿಂತರೆ ನಮ್ಮ ಕಾಲುಗುರು ನಮಗೆ ಕಾಣುತ್ತದೆ. ಎರಡಾಳು ನೀರಿದ್ದಲ್ಲಿಯೂ ಮರಳು ಕಾಣುತ್ತದೆ. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಕೆಟ್ಟಿದೆ, ಆಳಕ್ಕೆ ಇಳಿಸಲು ಈಗ ಆಗುವುದಿಲ್ಲ. ಕನ್ನಡಕವೂ ಉಸಿರಿನ ಕೊಳವೆಯೂ ಇವೆ. ನೀರಿನ ಮೇಲೆ ಕವಚಿ ಮಲಗಿದರೆ ಸಾಕು. ನಾನು ಮಂಗಳೂರು ಬಂದರಿನಲ್ಲಿ ಹನ್ನೊಂದು ವರ್ಷ ಇದ್ದವನು. ಇಂಗ್ಲಿಷ್ ನನಗೆ ಓದಲು ಬಾರದು, ಕನ್ನಡದಲ್ಲಿ ಕಾಗದ ಬಂದದ್ದು ಬಹಳ ಸಂತೋಷ. ಬನ್ನಿ.

“ಇದೆಲ್ಲಿಂದ ಬಂತು?”

“ನಾನೂ ಒಂದೊಂದು ಕಾರ್ಡ್ ಹಾಕಿದ್ದೆ,” ಎಂದರು, ತಪ್ಪು ಮಾಡಿದವರ ಹಾಗೆ. “ನಿನ್ ಫೈಲಿಂದ ವಿಳಾಸ ಬರ್ಕೊಂಡು. ಮೂರಕ್ಕೂ. ತಳ ಕಾಣ್ತದಾ ಅಂತ, ಅಷ್ಟೆ.”

“ಕನ್ನಡದಲ್ಲಾ? ಲಕ್ಷದ್ವೀಪಕ್ಕೆ?”

“ನಂಗೆ ಬರೋದೇ ಅದು. ಓದೋರು ಯಾರಾದ್ರೂ ಇರ್ತಾರೆ ಅಂತ ಹಾಕ್ದೆ.”

“ಯಾವಾಗ ಬಂತಿದು?”

“ನೀನು ಪಟ್ಟಿ ಓದಿ ಹೇಳಿದ್ಯಲ್ಲ, ಅದರ ಹಿಂದಿನ್ ದಿನ.”

“ಮತ್ತೆ ಯಾಕ್ರೀ ಹೇಳ್ಲಿಲ್ಲ?”

ಅವರು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಅಂಚಿಗೆ ಗ್ರೀಸ್ ತಾಗದಂತೆ ಹಿಡಿದರು. “ನಿನ್ ಪಟ್ಟಿಲಿ ಅದಕ್ಕೆ ಸೊನ್ನೆ ಬಂದಿತ್ತಲ್ಲ,” ಎಂದರು.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಇಪ್ಪತ್ತೆರಡು ಪ್ರಶ್ನೆ ಕೇಳಿದ್ದೆ. ಅವರು ಕೇಳಬೇಕೆಂದಿದ್ದ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳಿದ್ದೆ. ಅವರೋ ನನ್ನ ಪಟ್ಟಿ ಕೆಡಬಾರದೆಂದು ಉತ್ತರವನ್ನು ಗಾಜಿನ ಕೆಳಗೆ ಇಟ್ಟುಕೊಂಡು ಸುಮ್ಮನಿದ್ದರು. ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ: ಮೊದಲು ಲೆಕ್ಕದಲ್ಲಿ ಏನು ಕೇಳಿದ್ದಾರೆ ಓದು, ಆಮೇಲೆ ಪೆನ್ಸಿಲ್ ಎತ್ತು.

“ಒಂದು ಕಾರ್ಡ್ ಇದೆಯಾ?” ಎಂದೆ.

ಡ್ರಾಯರಿನಲ್ಲಿ ಇತ್ತು. ಅಲ್ಲೇ ಮೇಜಿನ ಮೇಲೆ, ಕನ್ನಡದಲ್ಲಿ, ಬರುತ್ತೇವೆ ಎಂದು ಬರೆದೆ. ರಜೆಯ ದಿನಗಳನ್ನು ಬರೆದೆ. ಕೊನೆಯಲ್ಲಿ ತಡೆಯಲಾರದೆ, ಬೆಳಗಿನ ಚಹಾ ಎಷ್ಟು ಹೊತ್ತಿಗೆ ಎಂದೂ ಕೇಳಿದೆ. ನಮ್ಮ ಯಜಮಾನರು ಭುಜದ ಮೇಲಿಂದ ಬಗ್ಗಿ ಓದಿ ನಕ್ಕರು. “ಅದಕ್ಕೆ ಎಷ್ಟು ಮಾರ್ಕು?”

“ಅಲ್ಲಿ ಯಂತ್ರ ಕೆಟ್ಟಿದೆ ಅಂತ ಬರೆದಿದಾರೆ,” ಎಂದೆ. “ನೀವು ಅದನ್ನ ಬಿಚ್ಚಿಕೊಂಡು ಕೂತ್ರೆ ಮಾತ್ರ ನಾನು ಒಬ್ಬಳೇ ವಾಪಸ್ ಬರ್ತೀನಿ.”

“ಮುಟ್ಟಲ್ಲ. ನೋಡ್ತೀನಿ ಅಷ್ಟೆ.”

“ನೋಡೋದೂ ಬೇಡ.”

ದ್ವೀಪಕ್ಕೆ ಹೋಗಲು ಪರವಾನಗಿ ಬೇಕಿತ್ತು. ಅದರ ಓಡಾಟ ನನಗೆ ಇಷ್ಟದ ಕೆಲಸ. ಒಂಬತ್ತು ದಿನ ಮುಂಚೆಯೇ ಕೈಗೆ ಬಂತು. ಮೈಸೂರಿನ ಹಾಸ್ಟೆಲಿನಲ್ಲಿದ್ದ ಮಗಳು ರಜೆಗೆಂದು ಬಂದು ಅಜ್ಜಿಯ ಜೊತೆ ನಿಂತಳು. ಹೊರಡುವ ದಿನ ಅತ್ತೆ ಕೋಡುಬಳೆಯ ಡಬ್ಬಿ ಕಟ್ಟಿಕೊಟ್ಟು, “ಕಿವೀಗೆ ನೀರು ಹೋಗ್ದಂಗೆ ನೋಡ್ಕೊಳಮ್ಮ. ಅವ್ನು ಹೇಳಲ್ಲ, ನೀನೇ ಬಗ್ಗಿ ನೋಡು” ಎಂದರು. ಕೊಚ್ಚಿಗೆ ರೈಲು, ಅಲ್ಲಿಂದ ಹಡಗು. ಹಡಗಿನಲ್ಲಿ ನನಗೆ ಹೊಟ್ಟೆ ತೊಳಸಿ, ಸಮಯ ನೋಡುವುದನ್ನೂ ಬಿಟ್ಟು ಮಲಗಿದ್ದೆ. ಆ ಪ್ರಯಾಣದ ಬಗ್ಗೆ ಹೆಚ್ಚು ಬರೆಯಲಾರೆ.

ದಡದಲ್ಲಿ ಲುಂಗಿ ಉಟ್ಟು, ಬಿಳಿ ಟೋಪಿ ಹಾಕಿದ ಹಿರಿಯರೊಬ್ಬರು ಕಾಯುತ್ತಿದ್ದರು. “ತಳ ಕಾಣ್ತದಾ ಅಂತ ಕೇಳಿದ್ದು ನೀವೇ ಅಲ್ವಾ ಮಾರಾಯ್ರೆ?” ಎಂದು ಇವರ ಎರಡು ಕೈಯನ್ನೂ ಹಿಡಿದುಕೊಂಡರು. ತೆಂಗಿನ ಗರಿಯ ನಾಲ್ಕು ಗುಡಿಸಲು, ಒಂದು ಅಡಿಗೆಮನೆ, ಒಂದು ದೋಣಿ. ಬಿಸಿನೀರು ಇರಲಿಲ್ಲ. ಚಹಾದ ಬಗ್ಗೆ ಕೇಳಿದ್ದಕ್ಕೆ, “ಒಲೆ ಹತ್ತಿದ ಕೂಡ್ಲೆ ಕೊಡ್ತೇವೆ” ಎಂದರು.

ಮರುದಿನ ಬೆಳಿಗ್ಗೆ ಗಾಳಿಯಿರಲಿಲ್ಲ. ಇವರು ಎಡಗಿವಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು, ಕನ್ನಡಕ ಕಟ್ಟಿಕೊಂಡು, ಕೊಳವೆ ಬಾಯಿಗಿಟ್ಟು, ಎದೆಮಟ್ಟದ ನೀರಿನಲ್ಲಿ ಕವಚಿ ಮಲಗಿದರು. ಈಜು ಬಾರದ ನಾನು ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತೆ. ಅವರು ಕೈಕಾಲು ಆಡಿಸಲಿಲ್ಲ. ಬೆನ್ನು ಮಾತ್ರ ಮೇಲೆ, ಕೊಳವೆಯ ತುದಿ ಮಾತ್ರ ಮೇಲೆ. ಒಂದು ನಿಮಿಷ, ಮೂರು, ಐದು. ಎಂಟನೆಯ ನಿಮಿಷಕ್ಕೆ ನನಗೆ ತಡೆಯಲಾಗಲಿಲ್ಲ. ಸೀರೆ ನೆನೆದರೆ ನೆನೆಯಲಿ ಎಂದು ಎದೆಮಟ್ಟದವರೆಗೆ ಹೋಗಿ ಭುಜ ತಟ್ಟಿದೆ.

ಅವರು ಎದ್ದು ನಿಂತು ಕನ್ನಡಕ ಹಣೆಗೆ ಸರಿಸಿದರು. “ಏನಾಯ್ತು?”

“ಏನಿಲ್ಲ. ಕಾಣ್ತಾ?”

“ಹ್ಞೂಂ.” ಸ್ವಲ್ಪ ಉಸಿರು ತೆಗೆದುಕೊಂಡರು. “ಕೆಳಗೆ ಒಂದು ಏಡಿ ಗುಳಿ ತೋಡ್ತಾ ಐತೆ ಕಣೆ. ಮರಳು ತಂದ್ ತಂದ್ ಹೊರಗಾಕ್ತಾ ಐತೆ. ಒಂದೊಂದು ಕಾಳೂ ಕಾಣ್ತದೆ. ಅದು ಮುಗಿಯೋಗಂಟ ಕರೀಬೇಡ.”

ಮತ್ತೆ ಮುಖ ಮುಳುಗಿಸಿದರು. ಟೋಪಿಯ ಹಿರಿಯರು ದಡಕ್ಕೆ ಬಂದು, ತಿಂಡಿಗೆ ಬನ್ನಿ ಎಂದು ಕೂಗಿದರು. ನಾನು ನೀರಿನಿಂದಲೇ ಕೈ ಎತ್ತಿ, ಇನ್ನೂ ಸ್ವಲ್ಪ ತಡೆಯಿರಿ ಎಂದು ಸನ್ನೆ ಮಾಡಿದೆ.